ನೀರಿನ ಮೇಲಿನ ಪಾಠ: ದೋಣಿ ಓಡಿಸುವುದಕ್ಕೂ ಮೊದಲು ನಿಲ್ಲಿಸುವುದನ್ನು ಕಲಿಸಿ

ತರಗತಿಯಲ್ಲಿ ಕೂತು ನಿಯಮ ಓದಿ, ಪರೀಕ್ಷೆ ಬರೆದು ಪಾಸಾದವರಿಗೆ ಎಷ್ಟೋ ವಿಷಯ ಗೊತ್ತಿರುತ್ತದೆ. ಆದರೆ ಪಕ್ಕದಿಂದ ಗಾಳಿ ತಳ್ಳುತ್ತಿದೆ, ಜೆಟ್ಟಿ ಹತ್ತಿರ ಬರುತ್ತಿದೆ, ದೋಣಿಯಲ್ಲಿ ಕೂತವರು ಏನೋ ಕೂಗುತ್ತಿದ್ದಾರೆ, ಆ ಹೊತ್ತಿನಲ್ಲಿ ಕೈ ಥ್ರಾಟಲ್ ಕಡೆ ಹೋಗಬೇಕೋ ಸ್ಟಿಯರಿಂಗ್ ಕಡೆ ಹೋಗಬೇಕೋ ಅನ್ನುವುದು ಓದಿ ಬರುವ ವಿದ್ಯೆ ಅಲ್ಲ. ನೀರಿನ ಮೇಲೆ ಮತ್ತೆ ಮತ್ತೆ ಮಾಡಿಯೇ ಬರಬೇಕು.

ಸುರಕ್ಷಿತ ಬೋಟಿಂಗ್ ಕಲಿಯುತ್ತಿರುವ ವಿದ್ಯಾರ್ಥಿಗಳನ್ನು ನೀರಿಗೆ ಕರೆದುಕೊಂಡು ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಲಿಯುವವರು ಓದಿದರೂ ಒಳ್ಳೆಯದೇ, ತಮ್ಮ ತರಬೇತಿಯಲ್ಲಿ ಏನೇನು ಇರಬೇಕು ಅಂತ ಅವರಿಗೂ ಗೊತ್ತಾಗುತ್ತದೆ. ಹೇಳುವುದೆಲ್ಲ ಔಟ್‌ಬೋರ್ಡ್ ಇಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಇಂಜಿನ್) ಇರುವ, 4–5 ಮೀಟರ್ ಉದ್ದದ ತೆರೆದ ದೋಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತರಬೇತಿಯ ಬಹುಪಾಲು ಸಮಯ ನಿಧಾನದ ಕೆಲಸಕ್ಕೇ ಹೋಗಬೇಕು. ದೋಣಿ ನಿಲ್ಲಿಸುವುದು, ನಿಂತಲ್ಲೇ ಹಿಡಿದಿಡುವುದು, ಹಿಂದಕ್ಕೆ ತೆಗೆಯುವುದು, ನೀರಿಗೆ ಬಿದ್ದವರ ಹತ್ತಿರ ಹೋಗುವುದು. ಜೋರಾಗಿ ಓಡಿಸುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ, ಥ್ರಾಟಲ್ ತಳ್ಳಿದರೆ ದೋಣಿ ತಾನೇ ಓಡುತ್ತದೆ. ಕಷ್ಟ ಇರುವುದು ಅದನ್ನು ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ ನಿಲ್ಲಿಸುವುದರಲ್ಲಿ.

ದಡದಲ್ಲೇ ಮುಗಿಸಬೇಕಾದ್ದು

ಒಂದು ದೋಣಿಗೆ ಮೂವರು ವಿದ್ಯಾರ್ಥಿಗಳು ಸಾಕು. ಅದಕ್ಕಿಂತ ಜಾಸ್ತಿ ಆದರೆ ಪ್ರತಿಯೊಬ್ಬರ ಕೈಗೆ ಸ್ಟಿಯರಿಂಗ್ ಸಿಗುವ ಸಮಯ ಕಡಿಮೆಯಾಗುತ್ತದೆ, ಉಳಿದವರು ಸುಮ್ನೆ ಪ್ರಯಾಣಿಕರಾಗಿಬಿಡುತ್ತಾರೆ. ಮೂವರಿದ್ದರೆ ಒಬ್ಬರು ಚುಕ್ಕಾಣಿ ಹಿಡಿಯಲಿ, ಒಬ್ಬರು ಸುತ್ತಲೂ ಕಣ್ಣಿಡಲಿ, ಇನ್ನೊಬ್ಬರು ಹಗ್ಗ ನೋಡಿಕೊಳ್ಳಲಿ. ಆಮೇಲೆ ಅದಲುಬದಲು ಮಾಡಿ. ದೋಣಿಯ ಮೇಲೆ ಬರೆದಿರುವ ಜನರ ಮಿತಿ, ತೂಕದ ಮಿತಿ ಎರಡನ್ನೂ ವಿದ್ಯಾರ್ಥಿಗಳಿಂದಲೇ ಓದಿಸಿ.

ಲೈಫ್ ಜಾಕೆಟ್ ವಿಷಯದಲ್ಲಿ "ಹಾಕಿಕೊಂಡಿದ್ದೀರಾ?" ಅಂತ ಕೇಳಿ ಬಿಡಬೇಡಿ. ಬಕಲ್ ಹಾಕಿ, ಪಟ್ಟಿ ಬಿಗಿಮಾಡಿ, ಎರಡೂ ಕೈ ಮೇಲೆತ್ತಿಸಿ, ಭುಜದ ಹತ್ತಿರ ಜಾಕೆಟ್ ಹಿಡಿದು ನೀವೇ ಮೇಲಕ್ಕೆ ಎಳೆದು ನೋಡಿ. ಗಲ್ಲ ದಾಟಿ ಕಿವಿಯವರೆಗೆ ಬಂದರೆ ಅದು ಅವರ ಅಳತೆಯದಲ್ಲ, ನೀರಿಗೆ ಬಿದ್ದ ತಕ್ಷಣ ಮುಖದ ಮೇಲೆ ಏರಿ ಕೂರುತ್ತದೆ. ಜಾಕೆಟ್ ಒಳಗಿರುವ ಅಂಕಿಯನ್ನೂ ತೋರಿಸಿ. 50 ನ್ಯೂಟನ್ ಅಂತ ಇದ್ದರೆ ಅದು ಈಜು ಬರುವವರಿಗೆ, ನೆರವು ಹತ್ತಿರದಲ್ಲೇ ಇರುವ ಕಡೆಗೆ. ಮುಖ ಮೇಲೆ ಮಾಡಿ ತೇಲಿಸುವ ಕೆಲಸ ಅದು ಮಾಡುವುದಿಲ್ಲ. ಆ ಕೆಲಸಕ್ಕೆ 100 ಅಥವಾ 150 ನ್ಯೂಟನ್ನಿನದು ಬೇಕು. 10 ನ್ಯೂಟನ್ ಅಂದರೆ ಹೆಚ್ಚುಕಡಿಮೆ 1 ಕೆಜಿ ತೂಕವನ್ನು ತೇಲಿಸುವ ಶಕ್ತಿ. ಪ್ರತಿ ಜಾಕೆಟ್‌ನಲ್ಲೂ ಒಂದು ಸೀಟಿ ಇರಲಿ, ಊದಿ ನೋಡಿರಲಿ.

ಇನ್ನು ಕಿಲ್ ಸ್ವಿಚ್. ಚುಕ್ಕಾಣಿ ಹಿಡಿದವರ ಮೈಗೆ ಕಟ್ಟುವ, ಅವರು ಜಾಗ ಬಿಟ್ಟು ಬಿದ್ದರೆ ಇಂಜಿನ್ ನಿಲ್ಲಿಸುವ ಆ ಕೆಂಪು ಸುರುಳಿ ದಾರ. ಇದಿಲ್ಲದಿದ್ದರೆ ಆಗುವುದು ಏನು ಗೊತ್ತಾ? ಓಡಿಸುವವರು ನೀರಿಗೆ ಬಿದ್ದಿರುತ್ತಾರೆ, ದೋಣಿ ಮಾತ್ರ ಓಡುತ್ತಲೇ ಇರುತ್ತದೆ, ಸ್ಟಿಯರಿಂಗ್ ಒಂದು ಕಡೆ ತಿರುಗಿಕೊಂಡು ವೃತ್ತ ಹಾಕುತ್ತಾ ಬಿದ್ದವರ ಮೇಲೇ ವಾಪಸ್ ಬರುತ್ತದೆ. ಹಾಗಾಗಿ ದಾರವನ್ನು ತೊಡೆಗೆ ಸುತ್ತಿ ಸಿಕ್ಕಿಸುವುದು, ಇಂಜಿನ್ ಶುರು ಮಾಡಿದ ಮೇಲೆ ದಾರ ಎಳೆದು ಇಂಜಿನ್ ನಿಜವಾಗಿಯೂ ನಿಲ್ಲುತ್ತದಾ ಅಂತ ನೋಡುವುದು, ಇವೆರಡನ್ನು ಪ್ರತಿ ಸಲ, ಪ್ರತಿ ವಿದ್ಯಾರ್ಥಿ ಮಾಡಲಿ. ದೋಣಿಯಲ್ಲಿ ಇನ್ನೊಂದು ದಾರವೂ ಇರಬೇಕು. ಬಿದ್ದವರ ಜೊತೆ ಮೊದಲನೆಯದು ನೀರಿಗೆ ಹೋಗಿರುತ್ತದೆ, ಉಳಿದವರು ಇಂಜಿನ್ ಶುರು ಮಾಡಿ ಅವರ ಹತ್ತಿರ ಹೋಗುವುದು ಹೇಗೆ? ಎರಡನೆಯದು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿರಲಿ.

ಉಳಿದದ್ದನ್ನು ಬೇಗ ಹೇಳುತ್ತೇನೆ. ತಳದ ಬಿರಡೆ ಹಾಕಿದೆಯಾ? ಪೆಟ್ರೋಲ್ ಎಷ್ಟಿದೆ? ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಆಪತ್ತಿಗೆ ಅಂತ ಲೆಕ್ಕ. ಎತ್ತಿಕೊಂಡು ಹೋಗುವ ಟ್ಯಾಂಕ್ ಆದರೆ ದೋಣಿಯಿಂದ ಕೆಳಗಿಳಿಸಿ ತುಂಬಿಸಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ. ಹುಟ್ಟು, ಲಂಗರು, ಬೆಂಕಿ ಆರಿಸುವ ಸಿಲಿಂಡರ್, ನೀರು ಎತ್ತಿ ಹಾಕುವ ಡಬ್ಬಿ, ಎಸೆಯುವ ಹಗ್ಗದ ಚೀಲ, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸ್ ಅಂತ ದಡದಲ್ಲಿರುವ ಒಬ್ಬರಿಗೆ ಬರೆದು ಕೊಡಿ. ಆ ಹೊತ್ತು ಮೀರಿದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನೂ ಅದರಲ್ಲೇ ಬರೆಯಿರಿ. ಹವಾಮಾನ ನೋಡದೆ ಹೊರಡಬೇಡಿ. ಗುಡುಗು ಕೇಳಿಸಿದರೆ ತಕ್ಷಣ ದಡಕ್ಕೆ, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಮತ್ತೆ ಇಳಿಯುವುದು ಬೇಡ.

ಇಂಜಿನ್ ನ್ಯೂಟ್ರಲ್‌ನಲ್ಲಿಟ್ಟು ಸುಮ್ನೆ ಕೂರಿ

ಇಂಜಿನ್ ಶುರುವಾದ ಮೇಲೆ ಮೊದಲು ನೋಡಬೇಕಾದ್ದು ಅದರ ಹಿಂಬದಿಯಿಂದ ಸಣ್ಣಗೆ ಚಿಮ್ಮುವ ನೀರಿನ ಧಾರೆ. ಅದು ಬರುತ್ತಿದ್ದರೆ ಇಂಜಿನ್ ತಣ್ಣಗಾಗಲು ನೀರು ಓಡಾಡುತ್ತಿದೆ ಅಂತ ಅರ್ಥ. ಬರದಿದ್ದರೆ ಆಗಲೇ ನಿಲ್ಲಿಸಿ.

ಜೆಟ್ಟಿಯಿಂದ ದೂರ, ಬೇರೆ ದೋಣಿಗಳಿಲ್ಲದ ಬಯಲು ನೀರಿಗೆ ಬಂದ ಮೇಲೆ ನ್ಯೂಟ್ರಲ್‌ಗೆ ಹಾಕಿ, ಯಾರೂ ಏನೂ ಮಾಡದೆ ಎರಡು ನಿಮಿಷ ಕೂರಿ. ದೋಣಿ ತಾನಾಗಿ ಯಾವ ಕಡೆ ತೇಲುತ್ತಿದೆ, ಮುಂಭಾಗ ಎತ್ತ ತಿರುಗುತ್ತಿದೆ ಅಂತ ವಿದ್ಯಾರ್ಥಿಗಳೇ ಹೇಳಲಿ. ಔಟ್‌ಬೋರ್ಡ್ ದೋಣಿಗಳಲ್ಲಿ ಭಾರ ಹಿಂದೆ ಇರುತ್ತದೆ, ಮುಂಭಾಗ ಹಗುರ. ಗಾಳಿ ಮೊದಲು ಮುಂಭಾಗವನ್ನೇ ತಳ್ಳುತ್ತದೆ. ಇದೊಂದನ್ನು ಕಣ್ಣಾರೆ ನೋಡಿದವರಿಗೆ ಮುಂದಿನ ಅರ್ಧ ಪಾಠ ಸಲೀಸು. ಜೆಟ್ಟಿಗೆ ಬರುವಾಗ ದೋಣಿ ಯಾಕೆ ಮಾತು ಕೇಳಲಿಲ್ಲ ಅಂತ ಆಮೇಲೆ ವಿವರಿಸಬೇಕಾಗುವುದಿಲ್ಲ.

ದಡದಲ್ಲಿರುವ ಒಂದು ಮರ, ಅದರ ಹಿಂದಿನ ಒಂದು ಕಂಬ, ಹೀಗೆ ಎರಡು ಗುರುತು ಒಂದೇ ಗೆರೆಯಲ್ಲಿ ಇಟ್ಟುಕೊಂಡು ನೋಡಲು ಹೇಳಿ. ಎರಡೂ ಒಂದರಿಂದೊಂದು ಸರಿದರೆ ದೋಣಿ ಸರಿದಿದೆ. ಸುತ್ತ ಬರೀ ನೀರೇ ಇದ್ದಾಗ ತಾವು ಚಲಿಸುತ್ತಿದ್ದೇವಾ ಇಲ್ಲವಾ ಅಂತ ಹೊಸಬರಿಗೆ ಗೊತ್ತೇ ಆಗುವುದಿಲ್ಲ.

ಈಗ ಗೇರ್. ಹಾಕುವಾಗ ಅಳುಕದೆ ಒಂದೇ ಸಲ "ಟಕ್" ಅಂತ ಹಾಕಬೇಕು, ಮೆಲ್ಲಗೆ ಹಾಕಲು ಹೋದರೆ ಗೇರಿನ ಹಲ್ಲುಗಳು ಉಜ್ಜಿಕೊಳ್ಳುತ್ತವೆ. ಮುಂದಕ್ಕಿದ್ದ ಗೇರನ್ನು ಸೀದಾ ಹಿಂದಕ್ಕೆ ಎಳೆಯಬಾರದು. ನ್ಯೂಟ್ರಲ್‌ನಲ್ಲಿ ಒಂದು ಉಸಿರಿನಷ್ಟು ನಿಲ್ಲಿಸಿ, ಆಮೇಲೆ ರಿವರ್ಸ್. ಇದನ್ನು ಸುಮ್ನೆ ಹತ್ತು ಸಲ ಮಾಡಿಸಿ. ಬೇಜಾರಾಗುತ್ತದೆ ಅಂತಾರೆ. ಆದರೂ ಮಾಡಿಸಿ.

ದೋಣಿ ತಿರುಗುವುದು ಹಿಂದಿನಿಂದ

ಕಾರು ಓಡಿಸಿ ಅಭ್ಯಾಸ ಇರುವವರಿಗೆ ಎರಡು ವಿಷಯ ಮರೆಸಬೇಕಾಗುತ್ತದೆ. ಕಾರಿಗೆ ಬ್ರೇಕ್ ಇದೆ, ದೋಣಿಗಿಲ್ಲ. ಕಾರು ಮುಂದಿನ ಚಕ್ರ ತಿರುಗಿದ ಕಡೆ ಹೋಗುತ್ತದೆ, ದೋಣಿಯಲ್ಲಿ ತಳ್ಳುವ ಇಂಜಿನ್ ಹಿಂದೆ ಇದೆ, ಹಾಗಾಗಿ ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ಹಿಂಭಾಗ ಎಡಕ್ಕೆ ಒದೆಯುತ್ತದೆ. ಜೆಟ್ಟಿ ಪಕ್ಕದಿಂದ ಹೊರಡುವಾಗ ಸ್ಟಿಯರಿಂಗ್ ಪೂರ್ತಿ ಹೊರಕ್ಕೆ ತಿರುಗಿಸಿ ಗೇರ್ ಹಾಕಿದ ಹೊಸಬರ ದೋಣಿಯ ಹಿಂಭಾಗ ಜೆಟ್ಟಿಗೆ ಬಡಿಯುವುದು ಇದೇ ಕಾರಣಕ್ಕೆ.

ಇದನ್ನು ಕಲಿಸಲು ಒಂದು ಖಾಲಿ ಪ್ಲಾಸ್ಟಿಕ್ ಕ್ಯಾನಿಗೆ ಹಗ್ಗ, ಹಗ್ಗಕ್ಕೆ ಕಲ್ಲು ಕಟ್ಟಿ ನೀರಿಗೆ ಬಿಡಿ. ಅಂಥ ಎರಡು ಕ್ಯಾನ್ ನಡುವೆ ಎಂಟರ ಆಕಾರದಲ್ಲಿ, ಇಂಜಿನ್ ಐಡಲ್‌ನಲ್ಲೇ ಇಟ್ಟುಕೊಂಡು ಓಡಾಡಿಸಿ. ಥ್ರಾಟಲ್ ಮುಟ್ಟುವ ಹಾಗಿಲ್ಲ. ಎರಡು ಸುತ್ತು ಆದ ಮೇಲೆ ನೋಡಿ, ಹೊಸಬರು ಕ್ಯಾನನ್ನೇ ದಿಟ್ಟಿಸುತ್ತಾರೆ, ದೋಣಿಯ ಮುಂಭಾಗ ಕ್ಯಾನ್ ದಾಟಿತು ಅಂದ ಕೂಡಲೇ ಸ್ಟಿಯರಿಂಗ್ ಅದರ ಕಡೆಗೇ ತಿರುಗಿಸುತ್ತಾರೆ, ಆಗ ದೋಣಿಯ ಹೊಟ್ಟೆ ಹೋಗಿ ಕ್ಯಾನಿಗೆ ಬಡಿಯುತ್ತದೆ. ತಕ್ಷಣ ತಿದ್ದಬೇಡಿ. ಬಡಿಯಲಿ. ಆಮೇಲೆ ಹಿಂದಕ್ಕೆ ತಿರುಗಿ ಹಿಂಭಾಗ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ನೋಡಿಕೊಂಡು ಇನ್ನೊಂದು ಸಲ ಮಾಡಲಿ. ಪ್ಲಾಸ್ಟಿಕ್ ಕ್ಯಾನಿಗೆ ಬಡಿದು ಕಲಿತದ್ದು ಕಲ್ಲಿನ ಜೆಟ್ಟಿಗೆ ಬಡಿದು ಕಲಿಯುವುದಕ್ಕಿಂತ ಒಳ್ಳೆಯದಲ್ವಾ.

ಇಕ್ಕಟ್ಟಿನಲ್ಲಿ ತಿರುಗುವಾಗ ಕ್ರಮ ಒಂದೇ: ಮೊದಲು ಸ್ಟಿಯರಿಂಗ್, ಆಮೇಲೆ ಗೇರ್. ಪೂರ್ತಿ ಬಲಕ್ಕೆ ತಿರುಗಿಸಿ ಮುಂದಕ್ಕೆ ಒಂದು ಚಿಕ್ಕ ತಳ್ಳು, ನ್ಯೂಟ್ರಲ್, ಪೂರ್ತಿ ಎಡಕ್ಕೆ ತಿರುಗಿಸಿ ಹಿಂದಕ್ಕೆ ಒಂದು ಚಿಕ್ಕ ಎಳೆತ. ಹೀಗೆ ಮಾಡುತ್ತಾ ಹೋದರೆ ದೋಣಿ ಹೆಚ್ಚುಕಡಿಮೆ ನಿಂತಲ್ಲೇ ಸುತ್ತು ಹಾಕುತ್ತದೆ. ಒಂದೇ ಇಂಜಿನ್ ಇರುವ ಹೆಚ್ಚಿನ ದೋಣಿಗಳಲ್ಲಿ ಪ್ರೊಪೆಲ್ಲರ್ ಬಲಕ್ಕೆ ಸುತ್ತುತ್ತದೆ, ಅಂಥವು ರಿವರ್ಸ್‌ನಲ್ಲಿ ಹಿಂಭಾಗವನ್ನು ಸ್ವಲ್ಪ ಎಡಕ್ಕೆ ಎಳೆಯುತ್ತವೆ. ಸ್ಟಿಯರಿಂಗ್ ನೇರ ಇಟ್ಟು ಹಿಂದಕ್ಕೆ ಹೋಗಿಸಿ, ಎಷ್ಟು ಎಳೆಯುತ್ತದೆ ಅಂತ ಅವರೇ ಅಳೆಯಲಿ.

ಜೆಟ್ಟಿಗೆ ತರುವುದು

ಇದಕ್ಕೆ ಸಮಯ ಕೊಡಿ. ಎಲ್ಲಕ್ಕಿಂತ ಜಾಸ್ತಿ ಕೊಡಿ.

ಜೆಟ್ಟಿ ಇನ್ನೂ ದೂರ ಇರುವಾಗಲೇ ಫೆಂಡರ್ (ದೋಣಿಯ ಬದಿಗೆ ಪೆಟ್ಟಾಗದಂತೆ ನೇತುಹಾಕುವ ಮೆತ್ತೆ) ಇಳಿಸಿರಬೇಕು, ಮುಂದಿನ ಹಿಂದಿನ ಎರಡೂ ಹಗ್ಗ ಕಟ್ಟಿ ಸಿದ್ಧ ಇರಬೇಕು. ಹಗ್ಗದ ತುದಿ ನೀರಿಗೆ ಬೀಳದ ಹಾಗೆ ನೋಡಿಕೊಳ್ಳಿ, ಬಿದ್ದರೆ ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಗಾಳಿ ಯಾವ ಕಡೆಯಿಂದ, ನೀರಿನ ಸೆಳೆತ ಯಾವ ಕಡೆಗೆ ಅಂತ ಚುಕ್ಕಾಣಿ ಹಿಡಿದವರು ಬಾಯಿಬಿಟ್ಟು ಹೇಳಲಿ. ಮನಸ್ಸಿನಲ್ಲೇ ಅಂದುಕೊಂಡರೆ ಸಾಲದು. ಎರಡರಲ್ಲಿ ಯಾವುದು ಜೋರಾಗಿದೆಯೋ ಅದಕ್ಕೆ ಎದುರಾಗಿ ಬರಬೇಕು. ಆಗ ದೋಣಿಯ ವೇಗವನ್ನು ಅದೇ ತಡೆಯುತ್ತದೆ.

ಸುಮಾರು 30 ಡಿಗ್ರಿ ಓರೆಯಲ್ಲಿ ಜೆಟ್ಟಿ ಕಡೆ ಬನ್ನಿ. ಎಷ್ಟು ವೇಗ? ಈಗಲೇ ಇಂಜಿನ್ ಕೆಟ್ಟು ಜೆಟ್ಟಿಗೆ ಬಡಿದರೂ ಏನೂ ಆಗಬಾರದು, ಅಷ್ಟೇ ವೇಗ. ಒಂದು ಸಲ ಗೇರ್ ಹಾಕಿ, ತೆಗೆದು, ಸ್ವಲ್ಪ ತೇಲಲು ಬಿಟ್ಟು, ಮತ್ತೆ ಹಾಕಿ, ಹೀಗೆ ತುಂಡು ತುಂಡಾಗಿ ಬರಬೇಕು. ಮುಂಭಾಗ ಜೆಟ್ಟಿಗೆ ಇನ್ನೇನು ಮುಟ್ಟುತ್ತದೆ ಅನ್ನುವಾಗ ಸ್ಟಿಯರಿಂಗ್ ಹೊರಕ್ಕೆ ತಿರುಗಿಸಿ ಒಂದು ಚಿಕ್ಕ ತಳ್ಳು, ದೋಣಿ ಜೆಟ್ಟಿಗೆ ಸಮಾನಾಂತರವಾಗುತ್ತದೆ. ಆಮೇಲೆ ನ್ಯೂಟ್ರಲ್, ಸ್ಟಿಯರಿಂಗ್ ಜೆಟ್ಟಿ ಕಡೆ ಪೂರ್ತಿ, ರಿವರ್ಸ್ ಒಂದು ಕ್ಷಣ. ಈ ಕೊನೆಯ ಎಳೆತ ಎರಡು ಕೆಲಸ ಮಾಡುತ್ತದೆ, ದೋಣಿಯನ್ನು ನಿಲ್ಲಿಸುತ್ತದೆ, ಹಿಂಭಾಗವನ್ನು ಜೆಟ್ಟಿ ಕಡೆ ಎಳೆದುಕೊಳ್ಳುತ್ತದೆ.

ಗಾಳಿ ಜೆಟ್ಟಿ ಕಡೆಗೇ ತಳ್ಳುತ್ತಿದ್ದರೆ ಇಷ್ಟೆಲ್ಲ ಬೇಡ. ಜೆಟ್ಟಿಯಿಂದ ಒಂದು ಮೀಟರ್ ದೂರದಲ್ಲಿ ಸಮಾನಾಂತರವಾಗಿ ನಿಲ್ಲಿಸಿದರೆ ಸಾಕು, ಉಳಿದದ್ದು ಗಾಳಿಯೇ ಮಾಡುತ್ತದೆ. ಜೆಟ್ಟಿಯಿಂದ ಆಚೆಗೆ ತಳ್ಳುವ ಗಾಳಿಯೇ ಕಷ್ಟದ್ದು. ಓರೆ ಸ್ವಲ್ಪ ಜಾಸ್ತಿ ಇಟ್ಟುಕೊಂಡು ಬಂದು, ಮುಂದಿನ ಹಗ್ಗ ಮೊದಲು ಹಾಕಬೇಕು, ಇಲ್ಲದಿದ್ದರೆ ಕಣ್ಣೆದುರೇ ಅಂತರ ದೊಡ್ಡದಾಗುತ್ತದೆ.

ಆ ಅಂತರ ನೋಡಿಯೇ ಜನ ಹಾರುತ್ತಾರೆ. ಹಾರಲು ಬಿಡಬೇಡಿ. ಹೆಜ್ಜೆ ಇಟ್ಟು ದಾಟುವಷ್ಟು ಹತ್ತಿರ ಬಂದಿಲ್ಲ ಅಂದರೆ ದೋಣಿ ಇನ್ನೂ ಬಂದಿಲ್ಲ ಅಂತಲೇ ಲೆಕ್ಕ, ಇನ್ನೊಂದು ಸುತ್ತು ಹಾಕಿಕೊಂಡು ಬನ್ನಿ. ಕೈಯಿಂದ, ಕಾಲಿನಿಂದ ಜೆಟ್ಟಿಯನ್ನು ತಡೆಯುವುದೂ ಬೇಡವೇ ಬೇಡ. ಜನ ತುಂಬಿದ ದೋಣಿಯ ತೂಕವನ್ನು ಯಾರ ಮಣಿಕಟ್ಟೂ ತಡೆಯಲಾರದು. ಅದಕ್ಕೆಂದೇ ಫೆಂಡರ್ ಇರುವುದು.

"ಸರಿ ಹೋಗಲಿಲ್ಲ, ಮತ್ತೆ ಬರ್ತೀನಿ" ಅಂತ ವಿದ್ಯಾರ್ಥಿ ತಾನಾಗಿ ಹೇಳಿ ದೋಣಿ ತಿರುಗಿಸಿಕೊಂಡು ಹೋದರೆ ಮೆಚ್ಚಿ ಮಾತಾಡಿ. ಹದಗೆಟ್ಟದ್ದನ್ನು ಥ್ರಾಟಲ್ ಒತ್ತಿ ಸರಿಮಾಡಲು ಹೋಗುವವರೇ ಜೆಟ್ಟಿಗೆ ಬಡಿಯುವುದು.

ಕಟ್ಟುವಾಗ ಕ್ಲೀಟ್‌ನ (ಹಗ್ಗ ಕಟ್ಟಲು ಇರುವ, ಎರಡು ಕೊಂಬಿನ ಗೂಟ) ಬುಡಕ್ಕೆ ಒಂದು ಪೂರ್ತಿ ಸುತ್ತು, ಎರಡು ಕೊಂಬಿಗೂ ಅಡ್ಡಡ್ಡ ಒಂದು ಎಂಟು, ಕೊನೆಗೆ ತುದಿ ಕೆಳಗೆ ಬರುವಂತೆ ತಿರುಚಿದ ಒಂದು ಕುಣಿಕೆ. ಇದರ ಜೊತೆಗೆ ಬೋಲೈನ್ ಗಂಟು (ಎಳೆದರೂ ಬಿಗಿಯಾಗದ ಕುಣಿಕೆ ಹಾಕುವ ಗಂಟು) ಬಂದರೆ ಮೊದಲ ಹಂತಕ್ಕೆ ಸಾಕು. ಆದರೆ ಕಣ್ಣು ಮುಚ್ಚಿಕೊಂಡು ಹಾಕಲು ಬರಬೇಕು.

ಯಾರೋ ನೀರಿಗೆ ಬಿದ್ದರು

ಈ ಅಭ್ಯಾಸಕ್ಕೆ ನಿಜವಾದ ಮನುಷ್ಯರನ್ನು ಬಳಸಬೇಡಿ. ಹಳೆಯ ಲೈಫ್ ಜಾಕೆಟ್‌ಗೆ ಅರ್ಧ ನೀರು ತುಂಬಿದ ಕ್ಯಾನ್ ಕಟ್ಟಿ, ಅದನ್ನೇ ಎಸೆಯಿರಿ. ಮೊದಲೇ ಹೇಳಿ ಎಸೆಯಬೇಡಿ. ವಿದ್ಯಾರ್ಥಿ ಬೇರೇನೋ ಮಾಡುತ್ತಿರುವಾಗ, ಮಾತಿನ ನಡುವೆ ಎಸೆದುಬಿಡಿ.

ಮೊದಲ ಕೆಲಸ ಕೂಗುವುದು. "ಬಲಗಡೆ ಬಿದ್ದರು!" ಅಂತ ಯಾವ ಕಡೆ ಅನ್ನುವುದೂ ಸೇರಿಸಿ ಕೂಗಬೇಕು. ಚುಕ್ಕಾಣಿ ಹಿಡಿದವರು ತಕ್ಷಣ ನ್ಯೂಟ್ರಲ್‌ಗೆ ಹಾಕಿ, ಬಿದ್ದ ಕಡೆಗೇ ಸ್ಟಿಯರಿಂಗ್ ತಿರುಗಿಸಬೇಕು. ಹಿಂಭಾಗ ಎದುರು ಕಡೆಗೆ ಸರಿಯುತ್ತದೆ, ಅದರ ಜೊತೆ ಪ್ರೊಪೆಲ್ಲರ್ ಕೂಡ ಬಿದ್ದವರಿಂದ ದೂರವಾಗುತ್ತದೆ. ಇನ್ನೊಬ್ಬರಿಗೆ ಒಂದೇ ಕೆಲಸ, ಬಿದ್ದವರ ಕಡೆ ತೋಳು ಚಾಚಿ ಬೆರಳು ತೋರಿಸುತ್ತಾ ನಿಲ್ಲುವುದು. ಏನೇ ಆದರೂ ಕಣ್ಣು ತೆಗೆಯಬಾರದು. ನೀರಿನ ಮೇಲೆ ಕಾಣುವುದು ಒಂದು ತಲೆ ಮಾತ್ರ, ಸಣ್ಣ ಅಲೆ ಎದ್ದರೂ ಮರೆಯಾಗುತ್ತದೆ. ಮೂರನೆಯವರು ತೇಲುವ ವಸ್ತು ಏನಿದ್ದರೂ ಎಸೆಯಲಿ.

ಈಗ ವಾಪಸ್ ಬರುವುದು. ಇಲ್ಲಿ ಎಲ್ಲರೂ ಅವಸರ ಮಾಡುತ್ತಾರೆ. ಗಾಳಿ ಹೋಗುವ ಕಡೆಗೆ ಸ್ವಲ್ಪ ದೂರ ಇಳಿದು, ಅಲ್ಲಿಂದ ತಿರುಗಿ ಗಾಳಿಗೆ ಎದುರಾಗಿ ನಿಧಾನಕ್ಕೆ ಬನ್ನಿ. ಗಾಳಿಯೇ ನಿಮ್ಮನ್ನು ತಡೆಯುತ್ತಿರುತ್ತದೆ, ಹಾಗಾಗಿ ಬಿದ್ದವರ ಮೇಲೆ ಏರಿ ಹೋಗುವ ಭಯ ಕಡಿಮೆ. ಬಿದ್ದವರು ಚುಕ್ಕಾಣಿ ಹಿಡಿದವರ ಬದಿಗೇ ಬರಬೇಕು, ಕೊನೆಯವರೆಗೂ ಕಣ್ಣಿಗೆ ಕಾಣುತ್ತಿರಬೇಕು. ಎರಡು ಮೂರು ದೋಣಿ ಉದ್ದ ಉಳಿದಾಗ ನ್ಯೂಟ್ರಲ್. ಕೈಗೆ ಸಿಗುವಷ್ಟು ಹತ್ತಿರ ಬಂದ ಮೇಲೆ ಇಂಜಿನ್ ಪೂರ್ತಿ ಬಂದ್. ನ್ಯೂಟ್ರಲ್ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಎತ್ತುವ ಗಡಿಬಿಡಿಯಲ್ಲಿ ಯಾರದೋ ಮೊಣಕೈ ತಾಗಿ ಗೇರ್ ಬಿದ್ದರೆ ಪ್ರೊಪೆಲ್ಲರ್ ಸುತ್ತುವುದು ಅವರ ಕಾಲಿನ ಪಕ್ಕದಲ್ಲೇ.

ಮೇಲೆತ್ತುವುದು ಎಲ್ಲಕ್ಕಿಂತ ಕಷ್ಟ. ನೆನೆದ ಬಟ್ಟೆಯ, ಸುಸ್ತಾದ ಮನುಷ್ಯರನ್ನು ದೋಣಿಯ ಅಂಚಿನ ಮೇಲಿಂದ ಎಳೆದುಕೊಳ್ಳುವುದು ಇಬ್ಬರಿಗೂ ಸುಲಭವಲ್ಲ. ಎಲ್ಲರೂ ಒಂದೇ ಕಡೆ ಬಾಗಿದರೆ ದೋಣಿಯೇ ಮಗುಚುತ್ತದೆ. ಏಣಿ ಇದ್ದರೆ ಇಳಿಸಿ. ಇಲ್ಲದಿದ್ದರೆ ಹಗ್ಗದ ಎರಡೂ ತುದಿ ದೋಣಿಗೆ ಕಟ್ಟಿ, ನಡುವಿನ ಕುಣಿಕೆ ನೀರಿನೊಳಗೆ ಇಳಿಯುವಂತೆ ಬಿಡಿ, ಅವರು ಅದರಲ್ಲಿ ಪಾದ ಇಟ್ಟು ಮೇಲೇಳಬಹುದು. ಬರೀ ಕ್ಯಾನ್ ಎತ್ತಿಕೊಂಡು ಅಭ್ಯಾಸ ಮುಗಿಯಿತು ಅನ್ನಬೇಡಿ. ಈ ಭಾಗವನ್ನು ಬೇರೆಯಾಗಿ, ದೋಣಿ ಜೆಟ್ಟಿಗೆ ಕಟ್ಟಿರುವಾಗ, ಇಂಜಿನ್ ಬಂದ್ ಮಾಡಿ ಬೀಗದ ಕೈ ನಿಮ್ಮ ಜೇಬಿನಲ್ಲಿರುವಾಗ, ನಿಜವಾದ ಮನುಷ್ಯರ ಜೊತೆಗೇ ಮಾಡಿಸಿ.

ದೋಣಿಯಲ್ಲಿರುವವರು ನೀರಿಗೆ ಧುಮುಕಿ ಕಾಪಾಡಲು ಹೋಗುವುದು ಕೊನೆಯ ದಾರಿ. ಕೈ ಚಾಚಿ, ಹುಟ್ಟು ಚಾಚಿ, ಹಗ್ಗ ಎಸೆಯಿರಿ, ದೋಣಿ ತೆಗೆದುಕೊಂಡು ಹೋಗಿ. ಕಂಗಾಲಾದವರು ಹತ್ತಿರ ಬಂದವರನ್ನೇ ಹಿಡಿದು ಮುಳುಗಿಸುತ್ತಾರೆ, ಬೇಕಂತಲ್ಲ, ಉಸಿರಿಗಾಗಿ.

ವಿದ್ಯಾರ್ಥಿಯೂ ಒಮ್ಮೆ ನೀರಿಗಿಳಿಯಬೇಕು

ಲೈಫ್ ಜಾಕೆಟ್ ಹಾಕಿಕೊಂಡು, ಮೈ ಮೇಲಿನ ಬಟ್ಟೆಯಲ್ಲೇ, ಆಳ ಕಡಿಮೆ ಇರುವ ಕಡೆ ಒಬ್ಬೊಬ್ಬರೇ ಇಳಿಯಲಿ. ಜಾಕೆಟ್ ತೇಲಿಸುತ್ತದೆ ಅಂತ ಕೇಳುವುದು ಬೇರೆ, ಬೆನ್ನ ಮೇಲೆ ಮಲಗಿ ಅದನ್ನು ನಂಬುವುದು ಬೇರೆ. ಈಜು ಚೆನ್ನಾಗಿ ಬರುವವರಿಗೂ ಇದು ಬೇಕು.

ತಣ್ಣೀರಿನ ಬಗ್ಗೆ ಇಲ್ಲೇ ಹೇಳಿ. ನೀರು ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಕೆನಡಾದ ವಿಜ್ಞಾನಿ ಗಾರ್ಡನ್ ಗೀಸ್‌ಬ್ರೆಕ್ಟ್ ಕೊರೆಯುವ ನೀರಿನ ಬಗ್ಗೆ ಜನಪ್ರಿಯ ಮಾಡಿದ 1-10-1 ಲೆಕ್ಕ ನೆನಪಿಡಲು ಸುಲಭ. ಮೊದಲ 1 ನಿಮಿಷ ಉಸಿರು ಕೈಕೊಡುತ್ತದೆ, ಏದುಸಿರು ಬರುತ್ತದೆ, ಆಗ ಈಜಲು ಹೋಗದೆ ತೇಲಿಕೊಂಡು ಉಸಿರು ಹಿಡಿತಕ್ಕೆ ತಂದುಕೊಳ್ಳಬೇಕು. ಮುಂದಿನ 10 ನಿಮಿಷ ಕೈಕಾಲು ಮಾತು ಕೇಳುತ್ತವೆ, ಮಾಡಬೇಕಾದ್ದನ್ನು ಅಷ್ಟರೊಳಗೆ ಮಾಡಬೇಕು. ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಇರುತ್ತದೆ, ಆದರೆ ಲೈಫ್ ಜಾಕೆಟ್ ಇಲ್ಲದವರು ಅಷ್ಟು ಹೊತ್ತು ತೇಲುವುದೇ ಇಲ್ಲ.

ನೀರಿನಲ್ಲಿ ಕಾಯುವಾಗ ಮೊಣಕಾಲು ಎದೆಗೆ ಎಳೆದುಕೊಂಡು, ತೋಳು ಪಕ್ಕೆಗೆ ಒತ್ತಿಕೊಂಡು ಮುದುಡಿ ತೇಲಬೇಕು. ಜೊತೆಗೆ ಜನ ಇದ್ದರೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಗುಂಪಾಗಬೇಕು. ದೋಣಿ ಮಗುಚಿದ್ದರೆ ಅದನ್ನು ಬಿಟ್ಟು ದಡಕ್ಕೆ ಈಜಬಾರದು. ದಡ ಕಾಣುವುದಕ್ಕಿಂತ ದೂರ ಇರುತ್ತದೆ, ಹುಡುಕಿಕೊಂಡು ಬಂದವರಿಗೆ ಮೊದಲು ಕಾಣುವುದು ಮಗುಚಿದ ದೋಣಿ.

ಕಣ್ಣು, ದಾರಿ, ವೇಗ

ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳು 1972ರವು, ಜಾರಿಗೆ ಬಂದದ್ದು 1977ರಲ್ಲಿ. ಒಳನಾಡಿನ ನೀರಿನಲ್ಲಿ ಸ್ಥಳೀಯ ನಿಯಮ ಬೇರೆ ಇರಬಹುದು, ಅದನ್ನು ಮೊದಲು ಓದಿಕೊಳ್ಳಿ. ಇಂಜಿನ್ ದೋಣಿಗಳ ಮಟ್ಟಿಗೆ ಮೂಲ ವಿಷಯ ಇಷ್ಟು. ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ ಸರಿಯಬೇಕು. ಅಡ್ಡ ಬರುವಾಗ ನಿಮ್ಮ ಬಲಗಡೆ ಕಾಣುವ ದೋಣಿಗೆ ನೀವು ದಾರಿ ಬಿಡಬೇಕು. ಹಿಂದಿನಿಂದ ಬಂದು ದಾಟುವವರು ಮುಂದಿನವರಿಗೆ ತೊಂದರೆ ಆಗದ ಹಾಗೆ ಸುತ್ತಿಕೊಂಡು ಹೋಗಬೇಕು. ಹಾರ್ನ್ ಒಂದು ಸಲ ಚಿಕ್ಕದಾಗಿ ಊದಿದರೆ ಬಲಕ್ಕೆ ತಿರುಗುತ್ತಿದ್ದೇನೆ, ಎರಡು ಅಂದರೆ ಎಡಕ್ಕೆ, ಮೂರು ಅಂದರೆ ಇಂಜಿನ್ ರಿವರ್ಸ್‌ನಲ್ಲಿದೆ, ಐದು ಅಂದರೆ ನೀವು ಏನು ಮಾಡುತ್ತಿದ್ದೀರಿ ಅಂತ ನನಗೆ ಅರ್ಥವಾಗುತ್ತಿಲ್ಲ.

ನೀರಿನ ಮೇಲೆ ಕಲಿಸಬೇಕಾದ್ದು ಇವನ್ನು ಕಣ್ಣಿನಿಂದ ಗುರುತಿಸುವುದು. ದೂರದ ದೋಣಿಯನ್ನು ನಿಮ್ಮ ದೋಣಿಯ ಒಂದು ಕಂಬಕ್ಕೆ ನೇರವಾಗಿ ಇಟ್ಟುಕೊಂಡು ನೋಡಿ, ತಲೆ ಅಲ್ಲಾಡಿಸಬೇಡಿ. ನೇರ ಹೋಗುತ್ತಿರುವಾಗ ಅದು ಕಂಬದಿಂದ ಮುಂದಕ್ಕೋ ಹಿಂದಕ್ಕೋ ಸರಿದರೆ ಪರವಾಗಿಲ್ಲ. ಅಲ್ಲೇ ಇದ್ದು ದೊಡ್ಡದಾಗುತ್ತಾ ಬಂದರೆ ಡಿಕ್ಕಿ ಖಂಡಿತ. ವಿದ್ಯಾರ್ಥಿಗಳು ಕಾಣುವ ಪ್ರತಿ ದೋಣಿಗೂ "ಸರಿಯುತ್ತಿದೆ", "ಸರಿಯುತ್ತಿಲ್ಲ" ಅಂತ ಜೋರಾಗಿ ಹೇಳುತ್ತಿರಲಿ. ತಿರುಗುವ ಮುನ್ನ ಪ್ರತಿ ಸಲ ಹಿಂದೆ ತಿರುಗಿ ನೋಡಲಿ, ದೋಣಿಗೆ ಕನ್ನಡಿ ಇರುವುದಿಲ್ಲ.

ವೇಗದ ಪಾಠ ಕೊನೆಗೆ, ಅದೂ ಚಿಕ್ಕದಾಗಿ. 20 ನಾಟ್ ಅಂದರೆ ಸೆಕೆಂಡಿಗೆ ಸುಮಾರು 10 ಮೀಟರ್, ಫೋನ್ ಕಡೆ 5 ಸೆಕೆಂಡ್ ನೋಡಿದರೆ 50 ಮೀಟರ್ ಕುರುಡಾಗಿ ಹೋದ ಹಾಗೆ. ವೇಗ ಹೆಚ್ಚಿಸುವ ಮುನ್ನ ಎಲ್ಲರಿಗೂ ಹೇಳಬೇಕು, ಎಲ್ಲರೂ ಕೂತು ಹಿಡಿದುಕೊಂಡಿರಬೇಕು, ಮುಂತುದಿಯಲ್ಲಿ ಯಾರೂ ಕೂರಬಾರದು. ಇಳಿಸುವಾಗ ಥ್ರಾಟಲ್ ಒಮ್ಮೆಲೇ ಎಳೆದರೆ ಹಿಂದೆ ಬರುತ್ತಿರುವ ನಿಮ್ಮದೇ ಅಲೆ ದೋಣಿಯ ಹಿಂಭಾಗದಿಂದ ಒಳನುಗ್ಗಬಹುದು. ಹಂತ ಹಂತವಾಗಿ ಇಳಿಸಿ. ಬೇರೆ ದೋಣಿ ಎಬ್ಬಿಸಿದ ಅಲೆಯನ್ನು ವೇಗ ತಗ್ಗಿಸಿ, 45 ಡಿಗ್ರಿ ಓರೆಯಲ್ಲಿ ದಾಟಿ. ದೋಣಿಯಲ್ಲಿ ನೀರು ನಿಂತಿದ್ದರೆ ಮೊದಲು ಎತ್ತಿ ಹಾಕಿ, ತಿರುವಿನಲ್ಲಿ ಆ ನೀರೆಲ್ಲ ಒಂದೇ ಕಡೆಗೆ ಓಡಿ ದೋಣಿಯನ್ನು ಇನ್ನಷ್ಟು ವಾಲಿಸುತ್ತದೆ.

ಇಂಜಿನ್ ಕೆಟ್ಟರೆ

ಬೇಕಂತಲೇ ಇಂಜಿನ್ ಬಂದ್ ಮಾಡಿ "ಇಂಜಿನ್ ಕೆಟ್ಟಿದೆ, ಈಗ ಏನು ಮಾಡ್ತೀರಿ?" ಅಂತ ಕೇಳಿ. ಹೆಚ್ಚಿನವರು ಕೀ ತಿರುಗಿಸುತ್ತಲೇ ಇರುತ್ತಾರೆ. ಅಷ್ಟರಲ್ಲಿ ದೋಣಿ ಬಂಡೆಯ ಕಡೆಗೋ ಬೇರೆ ದೋಣಿಗಳ ಕಡೆಗೋ ತೇಲುತ್ತಿರುತ್ತದೆ. ಮೊದಲು ಲಂಗರು ಇಳಿಸಿ, ಆಮೇಲೆ ಇಂಜಿನ್ ನೋಡಿ.

ಲಂಗರನ್ನು ಎಸೆಯಬಾರದು, ಮುಂಭಾಗದಿಂದ ಇಳಿಸಬೇಕು. ಹಿಂಭಾಗಕ್ಕೆ ಕಟ್ಟಿದರೆ ಅಲೆ ಒಳಬಂದು ದೋಣಿ ಮುಳುಗಬಹುದು. ಹಗ್ಗ ಎಷ್ಟು ಬಿಡಬೇಕು? ನೀರಿನ ಆಳಕ್ಕೆ ದೋಣಿಯ ಮುಂತುದಿಯ ಎತ್ತರ ಸೇರಿಸಿ, ಅದರ 5ರಿಂದ 7 ಪಟ್ಟು. ಆಳ 3 ಮೀಟರ್, ಎತ್ತರ 1 ಮೀಟರ್ ಇದ್ದರೆ 20ರಿಂದ 28 ಮೀಟರ್ ಹಗ್ಗ. ಹಗ್ಗ ಉದ್ದ ಇದ್ದಷ್ಟೂ ಲಂಗರನ್ನು ಮಲಗಿಸಿ ಎಳೆಯುತ್ತದೆ, ಆಗಲೇ ಅದು ನೆಲ ಕಚ್ಚುವುದು. ಹಿಡಿದಿದೆಯಾ ಅಂತ ನೋಡಲು ದಡದ ಆ ಎರಡು ಗುರುತುಗಳನ್ನೇ ಬಳಸಿ.

ವಿಎಚ್‌ಎಫ್ ರೇಡಿಯೋ ಇದ್ದರೆ ಆಪತ್ತಿನ ಕರೆ ಚಾನೆಲ್ 16ರಲ್ಲಿ, ಅಂದರೆ 156.8 ಮೆಗಾಹರ್ಟ್ಸ್. ಜೀವಕ್ಕೆ ಅಪಾಯ ಇದ್ದಾಗ ಮಾತ್ರ "ಮೇಡೇ" ಅಂತ ಮೂರು ಸಲ, ಆಮೇಲೆ ದೋಣಿಯ ಹೆಸರು, ಎಲ್ಲಿದ್ದೀರಿ, ಏನಾಗಿದೆ, ಎಷ್ಟು ಜನ, ಯಾವ ನೆರವು ಬೇಕು. ಅವಸರವಿದೆ ಆದರೆ ಜೀವಕ್ಕೆ ಈಗಲೇ ಅಪಾಯವಿಲ್ಲ ಅಂದರೆ "ಪ್ಯಾನ್ ಪ್ಯಾನ್". ರೇಡಿಯೋ ಆಫ್ ಮಾಡಿಟ್ಟು, ಪ್ರತಿಯೊಬ್ಬರೂ ಇಡೀ ಕರೆಯನ್ನು ಒಮ್ಮೆ ಬಾಯಲ್ಲಿ ಹೇಳಲಿ.

ಕಲಿಸುವವರ ಕೈ

ನಿಮ್ಮ ಕೈ ಸ್ಟಿಯರಿಂಗ್ ಮೇಲೆ ಹೋಗುವುದನ್ನು ತಡೆದುಕೊಳ್ಳಿ. ಪಕ್ಕದಲ್ಲಿ, ಕಿಲ್ ಸ್ವಿಚ್ ಕೈಗೆಟುಕುವ ಹಾಗೆ ನಿಲ್ಲಿ. ನಿಮ್ಮ "ನ್ಯೂಟ್ರಲ್!" ಅನ್ನುವ ಮಾತಿಗೆ ಎಲ್ಲರೂ ಪ್ರಶ್ನೆ ಕೇಳದೆ ನ್ಯೂಟ್ರಲ್ ಹಾಕಬೇಕು ಅಂತ ದಡದಲ್ಲೇ ಒಪ್ಪಂದ ಮಾಡಿಕೊಂಡರೆ, ಉಳಿದ ಹೊತ್ತು ಸುಮ್ಮನಿರುವ ಧೈರ್ಯ ನಿಮಗೂ ಬರುತ್ತದೆ. ಕೂಗಾಡಬೇಡಿ. ಹೆದರಿದವರ ಕೈ ಬಿಗಿಯಾಗುತ್ತದೆ, ಬಿಗಿಯಾದ ಕೈ ಥ್ರಾಟಲ್ ಒತ್ತುತ್ತದೆ. ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ. ಒಬ್ಬರಿಗೆ 15–20 ನಿಮಿಷ ಆದ ಮೇಲೆ ಬದಲಾಯಿಸಿ, ಬಿಸಿಲು, ಗಾಳಿ, ಇಂಜಿನ್ ಸದ್ದು ಸೇರಿ ಗೊತ್ತಾಗದ ಹಾಗೆ ದಣಿಸುತ್ತವೆ. ನೀರು ಕುಡಿಯಲು ನೆನಪಿಸಿ. ಮದ್ಯ ಕುಡಿದು ಬಂದವರನ್ನು, ಎಷ್ಟೇ ಕಡಿಮೆ ಅಂದರೂ, ಅವತ್ತು ಹತ್ತಿಸಬೇಡಿ.

ಕಲಿತರು ಅಂತ ಸಹಿ ಹಾಕುವ ದಿನ ದಡದ ತಪಾಸಣೆಯಿಂದ ಹಿಡಿದು ದೋಣಿ ಕಟ್ಟುವವರೆಗೆ ಎಲ್ಲವನ್ನೂ ವಿದ್ಯಾರ್ಥಿಯೇ ನಡೆಸಲಿ, ಜೊತೆಯವರಿಗೆ ಕೆಲಸ ಹಂಚುವುದೂ ಸೇರಿ. ನೀವು ಬಾಯಿ ಬಿಡಬೇಡಿ. ನಡುವೆ ಒಮ್ಮೆ ಕ್ಯಾನ್ ನೀರಿಗೆ ಎಸೆಯಿರಿ. ವಾಪಸ್ ಬಂದ ಮೇಲೆ ಅವತ್ತು ಗಾಳಿ ಹೇಗಿತ್ತು, ಅಲೆ ಎಷ್ಟಿತ್ತು ಅಂತ ಅವರ ಪುಸ್ತಕದಲ್ಲಿ ಸಹಿಯ ಪಕ್ಕದಲ್ಲೇ ಬರೆಯಿರಿ. ಗಾಳಿ ಇಲ್ಲದ ದಿನ ಪಾಸಾದವರನ್ನು ಗಾಳಿ ಇರುವ ಇನ್ನೊಂದು ದಿನ ಕರೆದು, ಜೆಟ್ಟಿಗೆ ತರುವುದನ್ನೂ ಬಿದ್ದವರನ್ನು ಎತ್ತುವುದನ್ನೂ ಮತ್ತೆ ಮಾಡಿಸಿ. ಅದಾದ ಮೇಲೆ ಅವರು ತಾವೇ ದೋಣಿ ತೆಗೆದುಕೊಂಡು ಹೋಗಲಿ.